ವಿಜ್ಞಾನಿಯೂ ಕೇಳಿ ಹಿಡಿಯಬೇಕಾದ ಮೀನು

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ. ಚಳಿಗಾಲದಲ್ಲಿ ಸಮುದ್ರದಿಂದ ಹೊಳೆ ಏರಿ ಬರುವ ಚಿನೂಕ್ ಸಾಲ್ಮನ್, ಮೊಟ್ಟೆ ಇಡುವುದು ಬೇಸಿಗೆಯಲ್ಲಿ. ಆ ಮೊಟ್ಟೆಗೆ ತಣ್ಣೀರೇ ಬೇಕು. ತಣ್ಣೀರಿನ ಮೇಲ್ಹೊಳೆಗಳ ದಾರಿಯನ್ನು ಶಾಸ್ತಾ ಅಣೆಕಟ್ಟು ಮುಚ್ಚಿದೆ. 2014, 2015ರ ಬರದಲ್ಲಿ ನೀರು ಬಿಸಿಯಾಗಿ ಹೆಚ್ಚಿನ ಮೊಟ್ಟೆ, ಮರಿಗಳು ಸತ್ತೇಹೋದವು.

1994ರಿಂದ ಈ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆ. ಸಂಶೋಧನೆಗೆಂದರೂ ಸುಮ್ಮನೆ ಹಿಡಿಯುವಂತಿಲ್ಲ. ಅಳಿವಿನಂಚಿನ ಜೀವಿಗಳನ್ನು ಕಾಯುವ 1973ರ ಕಾಯ್ದೆಯಡಿ ಅಮೆರಿಕದ ಸಾಗರ ಮೀನುಗಾರಿಕೆ ಇಲಾಖೆಗೆ ಅರ್ಜಿ ಹಾಕಬೇಕು. ಎಷ್ಟು ಹಿಡಿಯುತ್ತೀರಿ, ಹೇಗೆ ಹಿಡಿಯುತ್ತೀರಿ, ಎಷ್ಟು ಸಾಯಬಹುದು, ಎಲ್ಲ ಬರೆದುಕೊಡಬೇಕು. ಜನರ ಅಭಿಪ್ರಾಯಕ್ಕೆ 30 ದಿನ.

ಸಾಯಬಹುದಾದ ಮೀನಿನ ಲೆಕ್ಕ ಕೇಳಿದರೆ ಕಸಿವಿಸಿಯಾಗುತ್ತದೆ, ನಿಜ. ಆದರೆ ಮರಿಗಳನ್ನು ಹಿಡಿದು ಎಣಿಸದಿದ್ದರೆ, ಮೊಟ್ಟೆಗಳಿಗೆಂದು ಅಣೆಕಟ್ಟಿನಿಂದ ಬಿಟ್ಟ ತಣ್ಣೀರು ಸಾಕಾಯಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಹಿಡಿದ ಮರಿಯನ್ನು ಅಳೆದು ಹೊಳೆಗೇ ಬಿಡುತ್ತಾರೆ. ಸಾವು ಅನುಮತಿಯ ಮಿತಿ ಮೀರಿದರೆ ಕೆಲಸ ನಿಲ್ಲಿಸಿ ಇಲಾಖೆಗೆ ತಿಳಿಸಬೇಕು.