ಕಿಬ್ಬೊಟ್ಟೆಯ ನೋವು, ಕುಗ್ಗಿದ ಮನಸ್ಸು ಮತ್ತು ಅಫೀಮು ವರ್ಗದ ಗುಳಿಗೆ

ತಿಂಗಳುಗಟ್ಟಲೆ ಬಿಡದ ಕಿಬ್ಬೊಟ್ಟೆ ನೋವು, ಕೂತಾಗ ವೃಷಣದ ಹಿಂದೆ ಒತ್ತಿ ಹಿಡಿದಂಥ ಸಂಕಟ, ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ವೀರ್ಯ ಹೋದ ಮೇಲೆ ನೋವು ಏರುವುದು. ಇವು ಕಳೆದ ಆರು ತಿಂಗಳಲ್ಲಿ ಮೂರು ತಿಂಗಳಾದರೂ ಕಾಡಿ, ಪರೀಕ್ಷೆಯಲ್ಲಿ ಸೋಂಕು, ಕಲ್ಲು, ಗಂಟು ಯಾವುದೂ ಕಾಣದಿದ್ದರೆ ವೈದ್ಯರು ಅದನ್ನು ಕ್ರಾನಿಕ್ ಪೆಲ್ವಿಕ್ ಪೇನ್ ಸಿಂಡ್ರೋಮ್ ಎನ್ನುತ್ತಾರೆ. ದೀರ್ಘಕಾಲದ ಪ್ರಾಸ್ಟಟೈಟಿಸ್ (ಪ್ರಾಸ್ಟೇಟ್ ಗ್ರಂಥಿಯ ಉರಿಯೂತ) ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು ಪ್ರಾಸ್ಟಟೈಟಿಸನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಮೊದಲೆರಡು ಬ್ಯಾಕ್ಟೀರಿಯಾದಿಂದ ಬರುವಂಥವು, ನಾಲ್ಕನೆಯದು ತೊಂದರೆಯನ್ನೇ ಕೊಡದ ಉರಿಯೂತ. ನಾವು ಹೇಳುತ್ತಿರುವ ನೋವು ಮೂರನೆಯ ವರ್ಗದ್ದು, ಪ್ರಾಸ್ಟಟೈಟಿಸ್ ಎಂದು ಬರುವವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿ ಇದೇ ವರ್ಗದವರು. ಆದರೂ ವರ್ಷಗಟ್ಟಲೆ ಅವರ ಕೈಗೆ ಸೇರುವುದು ಆಂಟಿಬಯೋಟಿಕ್ ಚೀಟಿಯೇ.

ಗದಗ ಜಿಲ್ಲೆಯ ಬೆಳವಣಕಿ, ರೋಣ, ನರಗುಂದ ಕಡೆಯ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆ, ಬಿಳಿಜೋಳದ ಹೊತ್ತಿಗೆ ದಿನವಿಡೀ ಟ್ರ್ಯಾಕ್ಟರ್ ಮೇಲೆ ಕೂರುವವನನ್ನು ಈ ನೋವು ಕೂರಗೊಡುವುದಿಲ್ಲ. ಹೆಂಡತಿಯ ಹತ್ತಿರ ಹೋಗಲು ಅಂಜಿಕೆ, ಹೇಳಿಕೊಳ್ಳಲು ನಾಚಿಕೆ. ಇದರ ಮೇಲೆ ‘ಧಾತು ಹೋಗಿ ಸೊರಗ್ಯಾನ’ ಎಂಬ ಮಾತು ಬೇರೆ. ವೀರ್ಯ ಹೋದರೆ ಬಲವೇ ಹೋಯಿತೆಂಬ ಈ ಭಯದಿಂದ ಹುಟ್ಟುವ ನಿತ್ರಾಣ, ಚಿಂತೆಗಳನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿಯೇ ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿದ್ದರು. ವೀರ್ಯ ಹೋಗುವುದರಿಂದ ದೇಹ ಸೊರಗುವುದಿಲ್ಲ, ಆದರೆ ಭಯ ಮನುಷ್ಯನನ್ನು ಸೊರಗಿಸುತ್ತದೆ. ನೋವು, ನಾಚಿಕೆ, ಭಯ ಮೂರೂ ಒಂದೇ ಮನೆಯಲ್ಲಿ ವರ್ಷ ಕಳೆದರೆ ಖಿನ್ನತೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಹಂತದಲ್ಲಿ ಯಾರೋ ಒಂದು ‘ಸ್ಟ್ರಾಂಗ್’ ನೋವಿನ ಗುಳಿಗೆ ಕೊಡುತ್ತಾರೆ. ಬಹಳ ಸಲ ಅದು ಟ್ರಮಡಾಲ್ ಆಗಿರುತ್ತದೆ, ಕೆಲವೊಮ್ಮೆ ಟ್ಯಾಪೆಂಟಡಾಲ್ ಅಥವಾ ಕೊಡೀನ್. ಅಫೀಮಿನಿಂದ ಬಂದ, ಇಲ್ಲವೇ ಅಫೀಮಿನಂತೆಯೇ ಕೆಲಸ ಮಾಡುವ ಇಂಥ ಔಷಧಗಳನ್ನು ಓಪಿಯಾಯ್ಡ್ ಎನ್ನುತ್ತಾರೆ. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಮಾದಕ ವಸ್ತು ಕಾನೂನಿನ ಪಟ್ಟಿಗೆ ಸೇರಿಸಲಾಯಿತು, ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಹಳ್ಳಿಗಳ ಆರೋಗ್ಯ ಸಭೆ ಮುಗಿದ ಮೇಲೆ ಹಿಂದೆ ಉಳಿದು, ದನಿ ತಗ್ಗಿಸಿ, ಗಂಡಸರು ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: “ಸಾಹೇಬ್ರ, ಆ ಗುಳಿಗಿ ತಗೊಂಡ್ರ ನೋವಷ್ಟ ಅಲ್ರಿ, ಮನಸೂ ಹಗರ ಆಕ್ಕೈತಿ. ದಿನಾ ತಗೊಂಡ್ರ ಏನಾತ್ರಿ?”

ಇದು ದಡ್ಡ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ವೈದ್ಯರೇ ಖಿನ್ನತೆಗೆ ಅಫೀಮು ಕೊಡುತ್ತಿದ್ದರು. 1973ರಲ್ಲಿ ಮಿದುಳಿನಲ್ಲಿ ಓಪಿಯಾಯ್ಡ್ ಗ್ರಾಹಕಗಳಿರುವುದು ಗೊತ್ತಾಯಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್, ಹ್ಯಾನ್ಸ್ ಕೋಸ್ಟರ್ಲಿಟ್ಜ್ ಇಬ್ಬರೂ ದೇಹ ತಾನೇ ತಯಾರಿಸಿಕೊಳ್ಳುವ ಎನ್ಕೆಫಲಿನ್ ಎಂಬ ಅಫೀಮಿನಂಥ ವಸ್ತುವನ್ನು ಕಂಡುಹಿಡಿದರು. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರ ಬಂದಿಲ್ಲ. ನೋವು ತಗ್ಗಿಸುವುದು, ಮೈ ಹಗುರಾಗುವುದು, ನಮ್ಮವರ ಸಂಗದಲ್ಲಿ ನೆಮ್ಮದಿ ಎನ್ನಿಸುವುದು, ಇವೆಲ್ಲದರಲ್ಲೂ ಈ ಗ್ರಾಹಕಗಳ ಪಾಲಿದೆ. ಗುಳಿಗೆ ಬೀಗದಂಥ ಅದೇ ಗ್ರಾಹಕಗಳನ್ನು ಒತ್ತಾಯದಿಂದ ತೆರೆಯುತ್ತದೆ, ಮನಸ್ಸು ಹಗುರಾಗುತ್ತದೆ. ಟ್ರಮಡಾಲ್ ಸೆರೊಟೋನಿನ್, ನಾರಡ್ರಿನಲಿನ್ ಎಂಬ ರಾಸಾಯನಿಕಗಳ ಮಟ್ಟವನ್ನೂ ಏರಿಸುವುದರಿಂದ ಆ ಹಗುರು ಇನ್ನಷ್ಟು ಎದ್ದು ಕಾಣುತ್ತದೆ.

ಖಿನ್ನತೆಯ ಚಿಕಿತ್ಸೆಗೆಂದೇ ಈ ದಾರಿಯಲ್ಲಿ ಗಂಭೀರವಾದ ಹುಡುಕಾಟವೂ ನಡೆದಿದೆ. ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಗೆ ಬ್ಯುಪ್ರೆನಾರ್ಫಿನ್ ಎಂಬ ಓಪಿಯಾಯ್ಡ್ ಕೊಟ್ಟು ನೋಡಿದ ಸಣ್ಣ ಅಧ್ಯಯನವೊಂದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು, ಕೆಲವರಿಗೆ ಗುಣ ಕಂಡಿತ್ತು. ಮುಂದೆ ಅದೇ ಔಷಧದ ಚಟ ಹತ್ತಿಸುವ ಗುಣವನ್ನು ತಡೆಯಲೆಂದು ಇನ್ನೊಂದು ಔಷಧವನ್ನು ಜೋಡಿಸಿ ಒಂದು ಕಂಪನಿ ದೊಡ್ಡ ಪ್ರಯೋಗಗಳನ್ನು ನಡೆಸಿತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ, ಪುರಾವೆ ಸಾಲದು ಎಂದು ಭಾರೀ ಬಹುಮತದಿಂದ ಬೇಡವೆಂದಿತು. 2019ರಲ್ಲಿ ಸಂಸ್ಥೆಯೂ ಒಪ್ಪಿಗೆ ಕೊಡಲಿಲ್ಲ. ಆ ಹುಡುಕಾಟ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಆದರೆ ಮನೋವೈದ್ಯರ ಕಣ್ಣೆದುರು ಅಳೆದು ತೂಗಿ ಕೊಡುವ ಔಷಧ ಒಂದು, ಜೇಬಿನಲ್ಲಿ ಇಟ್ಟುಕೊಂಡ ಟ್ರಮಡಾಲ್ ಪಟ್ಟಿ ಇನ್ನೊಂದು.

ಈಗ ಈ ಅಧ್ಯಾಯದ ಮುಖ್ಯ ವಿಷಯ. ಇದನ್ನು ಒಮ್ಮೆ ಅರ್ಥಮಾಡಿಕೊಂಡವರು ಗುಳಿಗೆಯನ್ನು ಮೊದಲಿನ ಕಣ್ಣಿನಿಂದ ನೋಡಲಾರರು.

ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಅದು ಸುಮಾರು ಒಂದೂವರೆಯಿಂದ ಎರಡು ತಾಸಿಗೊಮ್ಮೆ ಒಂದು ಹಾರ್ಮೋನನ್ನು ಚಿಮ್ಮಿಸುತ್ತದೆ. ಆ ಚಿಮ್ಮು ಪಿಟ್ಯುಟರಿ ಗ್ರಂಥಿಗೆ ತಲುಪಿದಾಗ ಅದು ಎಲ್.ಎಚ್. ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ವೃಷಣಗಳಿಗೆ ಹೋಗಿ ಟೆಸ್ಟೋಸ್ಟಿರೋನ್ ತಯಾರಿಸಲು ಹೇಳುತ್ತದೆ. ಮಲಪ್ರಭೆಯ ಕಾಲುವೆಗೆ ಪಾಳಿಯ ಪ್ರಕಾರ ನೀರು ಬಿಡುವ ಹಾಗೆಯೇ ಇದು: ಮೇಲಿನ ತೂಬು ಪಾಳಿಗೆ ತೆರೆಯದಿದ್ದರೆ ತುದಿಯ ಹೊಲದವನ ಮಣ್ಣು, ಬದು ಎಷ್ಟು ಚೆನ್ನಾಗಿದ್ದರೂ ಪೈರು ಬಾಡುತ್ತದೆ. ಓಪಿಯಾಯ್ಡ್ ಹೋಗಿ ಕೂರುವುದು ಆ ಮೇಲಿನ ತೂಬಿನ ಮೇಲೆ. ಹೈಪೋಥಲಾಮಸಿನ ಚಿಮ್ಮುಗಳು ತಗ್ಗುತ್ತವೆ, ಎಲ್.ಎಚ್. ಇಳಿಯುತ್ತದೆ, ವೃಷಣಗಳು ಆರೋಗ್ಯವಾಗಿದ್ದೂ ಸುಮ್ಮನಾಗುತ್ತವೆ. ಪ್ರಮಾಣ ಸಾಕಷ್ಟಿದ್ದರೆ ಕೆಲವೇ ತಾಸುಗಳಲ್ಲಿ ಟೆಸ್ಟೋಸ್ಟಿರೋನ್ ಇಳಿಯತೊಡಗುತ್ತದೆ. ಒಂದೆರಡು ದಿನದ ಬಳಕೆಯಾದರೆ ಮತ್ತೆ ಏರುತ್ತದೆ. ತಿಂಗಳುಗಟ್ಟಲೆ ದಿನವೂ ಓಪಿಯಾಯ್ಡ್ ನುಂಗುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಟೆಸ್ಟೋಸ್ಟಿರೋನ್ ಕೊರತೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಟೆಸ್ಟೋಸ್ಟಿರೋನ್ ಇಳಿದಾಗ ಆಗುವುದೇನು? ಕಾಮದ ಆಸಕ್ತಿ ಇಂಗುತ್ತದೆ. ನಿಮಿರುವಿಕೆ ಕುಂದುತ್ತದೆ. ಸ್ನಾಯುಗಳ ಬಲ ಹೋಗುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಯಾವುದರಲ್ಲೂ ಮನಸ್ಸಿಲ್ಲದಂತಾಗುತ್ತದೆ. ಎಂದರೆ ಆ ಮನುಷ್ಯ ಯಾವ ತೊಂದರೆಗೆಂದು ಗುಳಿಗೆ ನುಂಗಿದನೋ ಅದೇ ತೊಂದರೆ ಗುಳಿಗೆಯ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅವನಿಗೆ ಅದು ತಿಳಿಯುವುದಿಲ್ಲ. ‘ರೋಗ ಜೋರಾಗೇತಿ, ಧಾತು ಇನ್ನೂ ಹೋಗಾಕತ್ತೇತಿ’ ಎಂದುಕೊಂಡು ಇನ್ನೊಂದು ಗುಳಿಗೆ ನುಂಗುತ್ತಾನೆ. ಮೊದಲ ವಾರದಲ್ಲಿ ಮನಸ್ಸನ್ನು ಹಗುರ ಮಾಡಿದ್ದೇ ಮೂರನೆಯ ತಿಂಗಳಲ್ಲಿ ಅದನ್ನು ಭಾರ ಮಾಡುತ್ತಿರುತ್ತದೆ. ಆ ಹೊತ್ತಿಗೆ ಗುಳಿಗೆ ತಪ್ಪಿದ ದಿನ ಮೈಕೈ ನೋವು, ಭೇದಿ, ನಿದ್ದೆಗೇಡು, ತಳಮಳ ಕಾಣಿಸಿಕೊಳ್ಳುತ್ತವೆ, ಗುಳಿಗೆ ನುಂಗಿದೊಡನೆ ಅವು ಹೋಗುತ್ತವೆ. ಬಿಟ್ಟದ್ದರಿಂದ ಬಂದ ಕಾಯಿಲೆ ಹೋದದ್ದನ್ನೇ ಅವನು ಖಿನ್ನತೆ ಹೋಯಿತೆಂದು ಎಣಿಸುತ್ತಾನೆ. ಜನ ಎಡವುವುದು ಬಹುತೇಕ ಇಲ್ಲಿಯೇ.

ಈ ರೋಗಕ್ಕೆ ಓಪಿಯಾಯ್ಡ್ ಒಗ್ಗದಿರಲು ಇನ್ನೂ ಕಾರಣಗಳಿವೆ. ಅದು ಮೂತ್ರಚೀಲದ ಸ್ನಾಯುವನ್ನು ಸಡಿಲಿಸಿ ಮೂತ್ರ ಸರಿಯಾಗಿ ಇಳಿಯದಂತೆ ಮಾಡುತ್ತದೆ, ಮಲಬದ್ಧತೆ ತರುತ್ತದೆ. ಮುಕ್ಕಿ ಮುಕ್ಕಿ ಮಲ ವಿಸರ್ಜನೆ ಮಾಡುವುದರಿಂದ ಮೊದಲೇ ಬಿಗಿದುಕೊಂಡಿರುವ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮತ್ತಷ್ಟು ಬಿಗಿಯುತ್ತವೆ. ಬಹುಕಾಲ ಬಳಸಿದರೆ ನರಗಳು ನೋವಿಗೆ ಇನ್ನಷ್ಟು ಸೂಕ್ಷ್ಮವಾಗುವುದೂ ಉಂಟು. ಖಿನ್ನತೆಗೆಂದು ವೈದ್ಯರು ಕೊಟ್ಟ ಔಷಧದ ಜೊತೆ ಟ್ರಮಡಾಲ್ ಸೇರಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಬರಬಹುದು, ಫಿಟ್ಸ್ ಬರುವ ಸಂಭವವೂ ಹೆಚ್ಚು. ಸಾರಾಯಿಯ ಜೊತೆ, ನಿದ್ದೆ ಗುಳಿಗೆಯ ಜೊತೆ ಓಪಿಯಾಯ್ಡ್ ಸೇರಿದರೆ ಉಸಿರೇ ನಿಲ್ಲಬಹುದು.

ದೀರ್ಘನೋವಿಗೆ ಓಪಿಯಾಯ್ಡ್ ಎಷ್ಟು ಉಪಯೋಗ ಎಂಬುದನ್ನು ನೋಡಲು ಅಮೆರಿಕದ 240 ರೋಗಿಗಳ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಬೆನ್ನುನೋವು, ಸೊಂಟ ಮತ್ತು ಮೊಣಕಾಲು ಕೀಲುನೋವಿನವರಿಗೆ ಓಪಿಯಾಯ್ಡ್ ಬೇರೆ ಔಷಧಗಳಿಗಿಂತ ಹೆಚ್ಚಿನ ಲಾಭವನ್ನೇನೂ ಕೊಡಲಿಲ್ಲ. ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು: ಆ ಪ್ರಯೋಗದಲ್ಲಿ ಟ್ರಮಡಾಲ್ ‘ಬೇರೆ ಔಷಧ’ಗಳ ಗುಂಪಿಗೆ ಕೊನೆಯ ಆಯ್ಕೆಯಾಗಿತ್ತು, ಕಿಬ್ಬೊಟ್ಟೆ ನೋವಿನವರು ಅದರಲ್ಲಿರಲಿಲ್ಲ. 2016ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಮೊದಲು ಖಿನ್ನತೆ ಇಲ್ಲದವರು ಓಪಿಯಾಯ್ಡನ್ನು ತಿಂಗಳು ಮೀರಿ ಬಳಸಿದಷ್ಟೂ ಹೊಸದಾಗಿ ಖಿನ್ನತೆ ಬರುವ ಸಂಭವ ಏರುತ್ತಿದ್ದುದು ಕಂಡಿತು.

ಇದನ್ನು ಓದಿ ಯಾರೂ ಮಾರ್ಫಿನ್ನಿಗೆ ಹೆದರಬಾರದು. ಕ್ಯಾನ್ಸರ್ ನೋವಿಗೆ, ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಅದು ಮನುಷ್ಯನ ಹಕ್ಕಿನ ಔಷಧ. ಮಾರ್ಫಿನ್ ಸಿಗದೆ ನರಳಿ ಸತ್ತವರು ನಮ್ಮಲ್ಲಿ ಬಹಳ ಮಂದಿ. 2014ರಲ್ಲಿ ಕಾನೂನು ತಿದ್ದಿ ಆಸ್ಪತ್ರೆಗಳಿಗೆ ಅದು ಸಿಗುವುದನ್ನು ಸುಲಭಗೊಳಿಸಲಾಯಿತು.

ಹಾಗಾದರೆ ಕಿಬ್ಬೊಟ್ಟೆ ನೋವಿನ ಖಿನ್ನತೆಗೆ ದಾರಿ ಯಾವುದು? 2009ರಿಂದ ತಜ್ಞರು ಈ ರೋಗವನ್ನು ಆರು ಕಡೆಯಿಂದ ನೋಡುತ್ತಾರೆ: ಮೂತ್ರ, ಮನಸ್ಸು, ಪ್ರಾಸ್ಟೇಟ್, ಸೋಂಕು, ನರ, ಸ್ನಾಯು. ಯಾರಲ್ಲಿ ಯಾವುದು ಕೆಟ್ಟಿದೆಯೋ ಅದಕ್ಕೆ ಮದ್ದು. ಮೂತ್ರದ ದಾರಿಯನ್ನು ಸಡಿಲಿಸಲು ಟ್ಯಾಮ್ಸುಲೋಸಿನ್ ಇದೆ, ಬಿಗಿದ ಸ್ನಾಯು ಸಡಿಲಿಸಲು ಫಿಸಿಯೋಥೆರಪಿ ಇದೆ. ಡ್ಯುಲಾಕ್ಸೆಟಿನ್ ನೋವನ್ನೂ ಖಿನ್ನತೆಯನ್ನೂ ಒಟ್ಟಿಗೆ ಇಳಿಸಬಲ್ಲದು. ಅಮಿಟ್ರಿಪ್ಟಿಲಿನ್ ಕಡಿಮೆ ಪ್ರಮಾಣದಲ್ಲಿ ನೋವಿಗೆ ಒಳ್ಳೆಯದು, ಆದರೆ ಪ್ರಾಸ್ಟೇಟ್ ಊದಿದ ಹಿರಿಯರಿಗೆ ಅದೂ ಮೂತ್ರ ಕಟ್ಟಿಸಬಹುದು. ಇವೆಲ್ಲ ವೈದ್ಯರು ತೂಗಿ ಕೊಡಬೇಕಾದವು. ಈಗಾಗಲೇ ತಿಂಗಳುಗಳಿಂದ ಟ್ರಮಡಾಲ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ಏಕಾಏಕಿ ಬಿಡಬೇಡಿ. ವೈದ್ಯರ ಸಲಹೆಯಲ್ಲಿ ಹಂತಹಂತವಾಗಿ ಇಳಿಸಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ರಕ್ತದ ಟೆಸ್ಟೋಸ್ಟಿರೋನ್ ಪರೀಕ್ಷೆ ಮಾಡಿಸಬೇಕೇ ಎಂದು ಅವರನ್ನೇ ಕೇಳಿ.

ಬೆಳವಣಕಿಯವರಿಗೆ ರೋಣದ ತಾಲ್ಲೂಕು ಆಸ್ಪತ್ರೆ ಹತ್ತಿರ, ಗದಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬದುಕು ಸಾಕೆನ್ನಿಸಿದರೆ ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಅದು, ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಕೆಲಸವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯ ಮೇಲೆ ನಿಂತಿತು. ಅಂಥದ್ದೇ ಇನ್ನೊಂದು ಕೆಲಸವನ್ನು ನಾನು ಕೈಮುಗಿದು ಕೇಳುತ್ತಿದ್ದೇನೆ. ಗದಗ, ಧಾರವಾಡದ ವೈದ್ಯಕೀಯ ವಿದ್ಯಾರ್ಥಿಗಳೇ, ಮೂತ್ರರೋಗ ವಿಭಾಗದ ಬೆಂಚಿನ ಮೇಲೆ ಕೂತ ಗಂಡಸರಿಗೆ ನೋವಿನ ಜೊತೆ ಮನಸ್ಸಿನ ಪ್ರಶ್ನೆಯನ್ನೂ ಕೇಳಿ, ಯಾವ ಗುಳಿಗೆ, ಎಷ್ಟು ದಿನದಿಂದ ಎಂದು ಬರೆದಿಟ್ಟುಕೊಳ್ಳಿ, ಟೆಸ್ಟೋಸ್ಟಿರೋನ್ ಅಳೆಯಿರಿ, ಆರು ತಿಂಗಳ ನಂತರ ಅವರನ್ನೇ ಮತ್ತೆ ಹುಡುಕಿಕೊಂಡು ಹೋಗಿ ಕೇಳಿ. ಅಮೆರಿಕದ ರೋಗಿಗಳ ಲೆಕ್ಕದಿಂದ ಎರೆಹೊಲದ ರೈತನ ಚೀಟಿ ಬರೆಯುವುದು ಇನ್ನು ಸಾಕು.