ಬಿರುಕಿನ ಮೇಲೆ ಗಿಲಾವು ಬಳಿಯಬೇಡಿ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ನಮ್ಮ ರೈತ ಮೊದಲು ನೆನೆಯುವುದು ಮನೆಯ ದುರಸ್ತಿಯನ್ನು. ಸೋರುವ ಮಾಳಿಗೆ ಇಳಿಸಬೇಕು, ಪಡಸಾಲೆಗೆ ಫರಸಿ ಹಾಕಿಸಬೇಕು, ಬಚ್ಚಲಿಗೆ ನಳ ಎಳೆಸಬೇಕು. ಒಳ್ಳೆಯ ದಿನ ನೋಡಿ ಗೌಂಡಿಗೆ ವೀಳ್ಯ ಕೊಟ್ಟು ಕೆಲಸ ಹಿಡಿಸುತ್ತಾನೆ. ಹಾರೆ, ಸುತ್ತಿಗೆ ಆಡುವ ಕಡೆ ಒಂದಿಷ್ಟು ಹಾನಿ ಆಗದೇ ಇರದು. ಆದಾಗ ಹೇಗೆ ನಡೆದುಕೊಳ್ಳಬೇಕು? ಇದು ಬರಿಯ ಲೆಕ್ಕದ ಮಾತೆಂದು ತಿಳಿಯಬೇಡಿ. ಧರ್ಮದ ಮಾತೂ ಹೌದು.

ಕೆಲವು ವರ್ಷಗಳ ಹಿಂದೆ ಒಬ್ಬ ಭಕ್ತನೂ ಅವನ ಮನೆಗೆಲಸ ಹಿಡಿದ ಗೌಂಡಿಯೂ ಜಗಳವಾಡುತ್ತ ಮಠಕ್ಕೆ ಬಂದರು. ದೇವರ ಕೋಣೆಯ ಗೋಡೆ ಕೆತ್ತುವಾಗ ಒಳಗಿದ್ದ ನೀರಿನ ಪೈಪಿಗೆ ಉಳಿ ತಾಗಿತ್ತು. ಕೆಲಸದ ಹುಡುಗ ಅದಕ್ಕೊಂದು ಬಟ್ಟೆ ಸುತ್ತಿ, ಮೇಲೆ ಗಿಲಾವು ಬಳಿದು ಸುಮ್ಮನಾದ. ತಿಂಗಳೊಪ್ಪತ್ತಿನಲ್ಲಿ ಗೋಡೆ ತೇವ ಹಿಡಿಯಿತು. ಗೂಡಿನಲ್ಲಿ ಅಜ್ಜನ ಕಾಲದ ತಾಡೋಲೆಯ ಕಟ್ಟೊಂದಿತ್ತು, ಅದೂ ನೆನೆಯಿತು. ಸಿಟ್ಟಿಗೆದ್ದ ಯಜಮಾನ ಬಾಕಿ ಕೂಲಿಯನ್ನೆಲ್ಲ ತಡೆದ.

ನಾವು ಹುಡುಗನನ್ನು ಕರೆಸಿ, “ಯಾಕೋ ತಮ್ಮಾ, ಆವತ್ತೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆವು. ತಲೆ ತಗ್ಗಿಸಿ, “ಅಜ್ಜಾರ, ಹಿಂದಿನ ವಾರ ಒಂದು ಫರಸಿ ಒಡದಾಗ ಓಣಿ ಮಂದಿ ಮುಂದ ನನ್ನನ್ನ ಬೈದು ಮೂರು ದಿನದ ಕೂಲಿ ಮುರಿದಿದ್ರು. ಅಂಜಿಕಿ ಬಂತ್ರಿ” ಎಂದ. ಯಜಮಾನ ಮಾತಾಡಲಿಲ್ಲ.

ಭಕ್ತರೇ, ಇಲ್ಲಿ ಮೂರು ಸಂಗತಿಗಳಿವೆ. ಕೈತಪ್ಪಿ ಆದದ್ದು ಒಂದು. ಎಚ್ಚರವಿಲ್ಲದೆ ಆದದ್ದು ಇನ್ನೊಂದು. ಆದದ್ದನ್ನು ಮುಚ್ಚಿಟ್ಟದ್ದು ಮತ್ತೊಂದು. ಮೊದಲನೆಯದಕ್ಕೆ ಕ್ಷಮೆ ಇರಬೇಕು, ಎರಡನೆಯದಕ್ಕೆ ಭರ್ತಿ ಇರಬೇಕು. ಮೂರನೆಯದೇ ದೋಷ. ಕಾಯಕ ಶುದ್ಧವಾಗಿರಬೇಕೆಂದು ಶರಣರು ಬಯಸಿದರು. ಮುಚ್ಚಿಟ್ಟ ಕೆಲಸ ಎಷ್ಟೇ ನುಣುಪಾಗಿದ್ದರೂ ಅದು ಕಾಯಕವಲ್ಲ. ಆದರೆ ಆ ದೋಷದಲ್ಲಿ ಯಜಮಾನನಿಗೂ ಪಾಲುಂಟು. ಒಂದು ಫರಸಿಗೆ ಮೂರು ದಿನದ ಅನ್ನ ಕಿತ್ತುಕೊಂಡವನು, ಪೈಪು ಒಡೆದಾಗ ನಿಜ ಹೇಳುವ ಬಾಯಿಯನ್ನು ತಾನೇ ಕಟ್ಟಿದ್ದ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತೇ ಇದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆ ಶರಣ ಒಂದು ದಿನ ಹೆಚ್ಚು ಅಕ್ಕಿ ತಂದ. ಸತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಹಾನಿಯ ಲೆಕ್ಕ ಹಾಕುವ ಯಜಮಾನನಿಗೂ ಇದೇ ಅಳತೆ. ಸಾವಿರದ ಹಾನಿಗೆ ಐದು ಸಾವಿರ ಮುರಿದುಕೊಂಡರೆ ಆ ನಾಲ್ಕು ಸಾವಿರ ಲಕ್ಕಮ್ಮ ಮನೆಗೆ ಸೇರಿಸದ ಅಕ್ಕಿ.

ಊರ ಹಿರಿಯರನ್ನು ಕೂಡಿಸಿ ತೀರ್ಮಾನ ಮಾಡಿದೆವು. ಮುಗಿದ ಕೆಲಸದ ಕೂಲಿ ಪೂರ್ತಿ ಕೊಡಬೇಕು. ಮುರಿದ ಮೂರು ದಿನದ್ದರಲ್ಲಿ ಫರಸಿಯ ಬೆಲೆ ಬಿಟ್ಟು ಉಳಿದದ್ದನ್ನು ಹುಡುಗನಿಗೆ ತಿರುಗಿಸಬೇಕು. ಹೊಸ ಪೈಪು, ಗೋಡೆಯ ಗಿಲಾವು ಗೌಂಡಿಯ ಖರ್ಚು. ತಾಡೋಲೆಯನ್ನು ಮೊದಲೇ ಎತ್ತಿಡಿರೆಂದು ಗೌಂಡಿ ಹೇಳಿದ್ದನ್ನು ಯಜಮಾನನೇ ಒಪ್ಪಿಕೊಂಡದ್ದರಿಂದ ಅದರ ನಷ್ಟ ಅವನದೇ. ಗರಿಗಳನ್ನು ಬಿಸಿಲಿಗಿಡದೆ ನೆರಳಲ್ಲಿ, ಗಾಳಿಗೆ ಬಿಡಿಸಿ ಒಣಗಿಸಿದೆವು. ಬಹಳಷ್ಟು ಉಳಿದವು. ಅಂಟಿಕೊಂಡು ಹರಿದ ಕೆಲವು ಮಾತ್ರ ಹೋದವೇ. ಫ. ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಹುಡುಕಿ ಕಲೆಹಾಕಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದದ್ದು. ಕಾಸು ಕೊಟ್ಟು ತುಂಬಲಾಗದ ಹಾನಿಯೂ ಲೋಕದಲ್ಲಿ ಉಂಟು.

ಆದುದರಿಂದ ಕೆಲಸ ಹಿಡಿಸುವ ಮೊದಲೇ ಎಚ್ಚರವಿರಲಿ. ದೇವರ ಸಾಮಾನು, ಹಳೆಯ ಪುಸ್ತಕ, ಹೊಲದ ಕಾಗದಪತ್ರ, ಕಾಳಿನ ಚೀಲ ಬೇರೆಡೆ ಸಾಗಿಸಿರಿ. ಪೈಪು, ವಿದ್ಯುತ್ ತಂತಿ ಎಲ್ಲಿ ಹಾಯ್ದಿವೆ ಎಂದು ಗೋಡೆಯ ಮೇಲೆ ಸುಣ್ಣದಿಂದ ಗುರುತು ಹಾಕಿರಿ. ಮಣ್ಣಿನ ಗೋಡೆಯ ಮನೆಗಳಲ್ಲಿ ನೆರೆಯವರಿಗೂ ನಮಗೂ ನಡುಗೋಡೆ ಒಂದೇ ಇರುತ್ತದೆ. ಅವರಿಗೆ ತಿಳಿಸಿ, ಇದ್ದ ಬಿರುಕುಗಳನ್ನು ಇಬ್ಬರೂ ಮೊದಲೇ ನೋಡಿಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಮೊಮ್ಮಕ್ಕಳಿಗೆ ಹೇಳಿರಿ. ಕಂಬ ತೆಗೆಯುವ ಮುನ್ನ ತೊಲೆಗೆ ಆಸರೆ ಕೊಡಿಸಿರಿ. ಒಡೆದದ್ದಕ್ಕೆ ಯಾರು ಹೊಣೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿರಿ. “ಏನಾದರೂ ಒಡೆದರೆ ಆ ಹೊತ್ತಿಗೇ ಹೇಳು, ಬೈಯುವುದಿಲ್ಲ” ಎಂದು ಕೆಲಸದವರಿಗೆ ಮೊದಲ ದಿನವೇ ಮಾತು ಕೊಡಿರಿ. ಕೊಟ್ಟ ಮಾತು ಉಳಿಸಿಕೊಳ್ಳಿರಿ.

ಇಷ್ಟಾಗಿಯೂ ಗುತ್ತಿಗೆದಾರ ಹಠ ಹಿಡಿದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅದು ಕೊನೆಯ ಬಾಗಿಲು. ಹಿರಿಯರ ಕಟ್ಟೆ ಮೊದಲನೆಯದು.

ಆ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಪಂಕ್ತಿಯಲ್ಲಿ ಯಜಮಾನನ ಪಕ್ಕದಲ್ಲೇ ಆ ಹುಡುಗ ಪ್ರಸಾದಕ್ಕೆ ಕುಳಿತಿದ್ದ. ಮನೆ ಕಟ್ಟಿಸಿದವರಿಗೂ ಕಟ್ಟಿದವರಿಗೂ ಶಿವನು ಇಂಥ ಬುದ್ಧಿಯನ್ನು ಕರುಣಿಸಲಿ ಎಂದು ಹಾರೈಸುತ್ತೇವೆ.