ಎಡಗೈಯಲ್ಲಿ ಇಡೀ ವಾದ್ಯಗೋಷ್ಠಿ

ಗಣೇಶನ ಪೆಂಡಾಲಿನ ರಸಮಂಜರಿಗೆ ಮೊದಲೆಲ್ಲ ತಬಲಾ, ಡ್ರಮ್ಸ್, ಬೇಸ್ ಗಿಟಾರ್‌ಗೆ ಒಬ್ಬೊಬ್ಬರಿರುತ್ತಿದ್ದರು. ಈಗ ಗಾಯಕರಿಬ್ಬರು, ಜೊತೆಗೆ ನಾನು. ಉಳಿದವರ ಪಾಲಿನ ಕೆಲಸ ನನ್ನ ಅರೇಂಜರ್ ಕೀಬೋರ್ಡಿನದು. ‘ಅಷ್ಟು ದುಡ್ಡು ಯಾಕೆ ಸಾರ್, ಲ್ಯಾಪ್‌ಟಾಪಲ್ಲೇ ಆಗುತ್ತಲ್ಲ’ ಎನ್ನುತ್ತಾರೆ ಹುಡುಗರು. ಆಗುತ್ತೆ, ಮನೆಯಲ್ಲಿ.

ಹಾಗೆ ಪಕ್ಕವಾದ್ಯ ನುಡಿಸುವ ಸಾಫ್ಟ್‌ವೇರ್‌ಗಳಲ್ಲಿ ಹೆಸರಾದದ್ದು ಬ್ಯಾಂಡ್-ಇನ್-ಎ-ಬಾಕ್ಸ್. ಕೆನಡಾದ ವೈದ್ಯ ಪೀಟರ್ ಗ್ಯಾನನ್ ಅದನ್ನು ಹೊರತಂದದ್ದು 1990ರಲ್ಲಿ. ಪರದೆಯ ಮೇಲೆ ಚೌಕಗಳು. ಒಂದೊಂದು ಆವರ್ತಕ್ಕೂ ಕಾರ್ಡ್ (ಸ್ವರಗುಚ್ಛ) ಟೈಪ್ ಮಾಡಿ, ಸ್ಟೈಲು (ಪಕ್ಕವಾದ್ಯದ ಸಿದ್ಧ ಮಾದರಿ), ಲಯ ಆರಿಸಿದರೆ ಪಿಯಾನೊ, ಬೇಸ್, ಡ್ರಮ್ಸ್ ಸೇರಿ ನುಡಿಸುತ್ತವೆ. ಆಮೇಲೆ ಬಂದ ರಿಯಲ್‌ಟ್ರ್ಯಾಕ್ಸ್‌ನಲ್ಲಿ ಇರುವುದು ನಿಜವಾದ ಕಲಾವಿದರು ನುಡಿಸಿದ ರೆಕಾರ್ಡಿಂಗ್. ಆ ಗಿಟಾರಿನ ಮುಂದೆ ನನ್ನ ಕೀಬೋರ್ಡಿನ ಗಿಟಾರ್ ಸಪ್ಪೆ, ಒಪ್ಪಿಕೊಳ್ಳಬೇಕು. ಆದರೆ ಆ ಸಾಫ್ಟ್‌ವೇರಿನ ಜೀವ ಜಾಸ್, ಕಂಟ್ರಿ ಕಡೆಗೆ. ಅದರಲ್ಲಿ ದಾದ್ರಾ ತಾಳ ಹುಡುಕಿ ನೋಡಿ, ಗೊತ್ತಾಗುತ್ತದೆ.

ಕೀಬೋರ್ಡಿನ ದಾರಿ ಬೇರೆ. ಅದರ ಮನೆಗಳು (ಕೀಲಿಗಳು) ಎರಡು ಪಾಲಾಗಿರುತ್ತವೆ: ಬಲಗೈಗೆ ಹಾಡಿನ ಸ್ವರ, ಎಡಗೈಗೆ ಕಾರ್ಡ್. ಯಮಹಾದಲ್ಲಿ ಸ್ಟೈಲಿನ ಸ್ವರಗಳು ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್‌ನಲ್ಲಿ ತುಂಬಿರುತ್ತವೆ; ನಾನು ಎಫ್ ಒತ್ತಿದ ಕ್ಷಣ ಬೇಸ್, ತಂತಿವಾದ್ಯ ಎಲ್ಲ ಎಫ್‌ಗೆ ಜಾರುತ್ತವೆ. ಡ್ರಮ್ಸ್ ಮಾತ್ರ ತನ್ನ ಪಾಡಿಗೆ. ಇಂಟ್ರೊ, ಫಿಲ್, ಎಂಡಿಂಗ್‌ಗೆ ಒಂದೊಂದು ಗುಂಡಿ. ಭಾರತಕ್ಕೆಂದೇ ತಂದ ಪಿಎಸ್‌ಆರ್-ಐ500ರಂಥವುಗಳಲ್ಲಿ ತಬಲಾ, ನಮ್ಮ ಕಡೆಯ ಸ್ಟೈಲುಗಳೂ ಇವೆ.

ವೇದಿಕೆಯಲ್ಲೇ ಕೀಬೋರ್ಡಿನ ಬೆಲೆ ತಿಳಿಯುವುದು. ಚರಣ ಮುಗಿಯುವಾಗ ಶಾಸಕರು ಬಂದರೆಂದು ಗಾಯಕಿ ಪಲ್ಲವಿಯನ್ನೇ ಮತ್ತೆ ಮತ್ತೆ ಎಳೆಯುತ್ತಾರೆ. ಗಾಯಕರೊಬ್ಬರು ಎರಡನೇ ಚರಣ ಮರೆತು ನೇರ ಮೂರನೆಯದಕ್ಕೆ ಹಾರುತ್ತಾರೆ. ನನ್ನ ಎಡಗೈ ಅವರ ಹಿಂದೆಯೇ ಹೋಗುತ್ತದೆ. ಸಾಫ್ಟ್‌ವೇರಿನಲ್ಲಾದರೆ ಟೈಪ್ ಮಾಡಿಟ್ಟ ಪಟ್ಟಿ ಮುಂದಿನ ಚೌಕಕ್ಕೆ ನಡೆದುಬಿಡುತ್ತದೆ. ಗಂಟಲು ಕಟ್ಟಿದೆ, ಶ್ರುತಿ ಅರ್ಧ ಮನೆ ಇಳಿಸಿ ಎಂದು ಕಣ್ಸನ್ನೆ ಬಂದರೆ ಟ್ರಾನ್ಸ್‌ಪೋಸ್ ಗುಂಡಿ ಇದ್ದೇ ಇದೆ.

ಆಲಾಪನೆ ಬಂದಾಗ ಮಾತ್ರ ನಾನು ಸ್ಟೈಲ್ ನಿಲ್ಲಿಸಿ ಬರೀ ತಂತಿಯ ನಾದ ಹಿಡಿದು ಕೂರುತ್ತೇನೆ. ಅಲ್ಲಿ ತಾಳದ ಯಂತ್ರಕ್ಕೆ ಕೆಲಸವಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವವರಿಗೆ, ಹಾಡು ಕಟ್ಟುವವರಿಗೆ ಸಾಫ್ಟ್‌ವೇರೇ ಲಾಭ. ಶ್ರುತಿ ಕೆಡದಂತೆ ಲಯ ಇಳಿಸಿ ಕಲಿಯಬಹುದು. ಬರೀ ಫೋನಿದ್ದರೆ ಐರಿಯಲ್ ಪ್ರೊ ಎಂಬ ಆ್ಯಪ್ ಸಾಕು. ಕೀಬೋರ್ಡ್ ಕೊಳ್ಳುವವರು ಹೊಸ ಸ್ಟೈಲುಗಳನ್ನು ಯುಎಸ್‌ಬಿಯಿಂದ ತುಂಬಿಕೊಳ್ಳಲು ಬರುತ್ತದೆಯೇ ಎಂದು ಮೊದಲು ಕೇಳಿ. ಅಂಗಡಿಯವನು ಹಾಕುವ ಡೆಮೊಗೆ ಮರುಳಾಗದೆ, ನೀವು ದಿನಾ ನುಡಿಸುವ ಹಾಡಿನ ತಾಳ ಹಾಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.